ಟೈಮಿಂಗ್ ಬೆಲ್ಟ್ ಹಾಕಿದ್ದೇವೆ ಅಂತ ಬಿಲ್ ಕೊಟ್ಟರೆ ಸಾಲದು: ಹಳೇ ಪೋರ್ಷೆ 944 ಇಟ್ಟುಕೊಂಡವರು ಇದನ್ನು ಓದಿ

ನಿಮ್ಮ ಹತ್ತಿರ ಪೋರ್ಷೆ 944 ಇದ್ದರೆ, ಅದೇ ವಂಶದ 924ಎಸ್ ಅಥವಾ 968 ಇದ್ದರೆ, ಇಲ್ಲವೇ ಒಂದನ್ನು ಕೊಳ್ಳೋಣ ಅಂತ ಹುಡುಕುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಲ್ಟ್ ಕೆಲಸ ಆಗಿದೆ ಅಂತ ಕೈಯಲ್ಲಿ ಬಿಲ್ ಇದೆ ಅನ್ನುವ ಒಂದೇ ಧೈರ್ಯದ ಮೇಲೆ ಕಾರನ್ನು ಹೈವೇಗೆ ತರಬೇಡಿ. ನನ್ನ 1986ರ 944ಗೆ ಹೊಸ ವಾಟರ್ ಪಂಪ್ ಹಾಕಿದ್ದೇವೆ ಅಂತ ಬಿಲ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎಂಜಿನ್‌ನಲ್ಲಿ ಇದ್ದದ್ದು ಹಳೇ ಪಂಪೇ. ಅದು ಜಾಮ್ ಆಗಿ ಬೆಲ್ಟಿನ ಹಲ್ಲು ಕಿತ್ತುಹೋಯಿತು, ವಾಲ್ವ್‌ಗಳು ಬಾಗಿದವು.

ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮ ಕನ್ನಡದವರೇ ಕೆಲವರು ಈ ಕಾರು ಇಟ್ಟುಕೊಂಡಿದ್ದಾರೆ. ಯಾಕೆ ಅಂತ ಹೇಳಬೇಕಾಗಿಲ್ಲ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ಭಾರ ಎರಡೂ ಕಡೆ ಹೆಚ್ಚುಕಡಿಮೆ ಸಮ. ತಿರುವಿನಲ್ಲಿ ಅದು ಕೂರುವ ರೀತಿಗೆ ಮನಸೋಲದವರು ಕಡಿಮೆ. 1982ರಿಂದ 1991ರವರೆಗೆ 1.6 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು, ಹಾಗಾಗಿ 911ಗಿಂತ ತುಂಬಾ ಕಡಿಮೆ ದುಡ್ಡಿಗೆ ಸಿಗುತ್ತದೆ. ಕೊಳ್ಳುವಾಗ ಅಗ್ಗ ಅನ್ನಿಸಿದ ಕಾರು ರಿಪೇರಿಗೆ ಹೋದಾಗ ಪೋರ್ಷೆಯ ಬೆಲೆಯನ್ನೇ ಕೇಳುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಕಡಿಮೆಗೆ ಮಾಡಿಕೊಡ್ತೀವಿ ಅನ್ನುವ ಗ್ಯಾರೇಜುಗಳು ಅಲ್ಲಿ ಕಾದು ಕೂತಿರುತ್ತವೆ.

ಈ ಎಂಜಿನ್ನಿನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 2.5 ಲೀಟರ್, ನಾಲ್ಕೇ ಸಿಲಿಂಡರ್. ಇಷ್ಟು ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ ತುಂಬಾ ನಡುಗುತ್ತದೆ. ಆ ನಡುಕ ತಡೆಯಲು ಎರಡು ಬ್ಯಾಲೆನ್ಸ್ ಶಾಫ್ಟ್ ಇಟ್ಟಿದ್ದಾರೆ. ಅವು ಕ್ರ್ಯಾಂಕ್‌ಗಿಂತ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಎರಡು ಪಟ್ಟು ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಎಂಜಿನ್ ಮುಂದೆ ಒಂದಲ್ಲ, ಎರಡು ಬೆಲ್ಟ್: ಒಂದು ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿಗೆ (ಟೈಮಿಂಗ್ ಬೆಲ್ಟ್ ಅನ್ನುವುದು ಇದನ್ನೇ), ಇನ್ನೊಂದು ಬ್ಯಾಲೆನ್ಸ್ ಶಾಫ್ಟುಗಳಿಗೆ. ಕ್ಯಾಮ್ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಅಂದರೆ ಪಂಪಿನ ಬೇರಿಂಗ್ ಹೋದರೆ ಬರೀ ಎಂಜಿನ್ ಬಿಸಿಯಾಗಿ ನಿಲ್ಲುವುದಿಲ್ಲ, ಬೆಲ್ಟನ್ನೂ ಎಳೆದುಕೊಂಡು ಹೋಗುತ್ತದೆ. ಬೆಲ್ಟ್ ಹೋದ ತಕ್ಷಣ ಕ್ಯಾಮ್ ನಿಲ್ಲುತ್ತದೆ, ಕ್ರ್ಯಾಂಕ್ ಮಾತ್ರ ತಿರುಗುತ್ತಿರುತ್ತದೆ. ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತದೆ. ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಕಾರು ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. 944ಗೆ ಆ ಭಾಗ್ಯವಿಲ್ಲ.

ಅದಕ್ಕೇ ಈ ಕಾರು ಬಲ್ಲವರು 30,000 ಮೈಲಿ ಅಥವಾ 4 ವರ್ಷ, ಯಾವುದು ಮೊದಲೋ ಆಗ ಬೆಲ್ಟ್ ಬದಲಿಸುತ್ತಾರೆ. ಬರೀ ಬೆಲ್ಟ್ ಅಲ್ಲ. ಎರಡೂ ಬೆಲ್ಟ್, ಅವು ಹಾಯುವ ರೋಲರುಗಳು, ವಾಟರ್ ಪಂಪ್, ಅದರೊಳಗೇ ಕೂರುವ ಥರ್ಮೋಸ್ಟಾಟ್, ಮುಂದಿನ ಆಯಿಲ್ ಸೀಲುಗಳು. ಸೀಲ್ ಸೋರಿದರೆ ಎಣ್ಣೆ ಬೆಲ್ಟಿಗೆ ತಾಗಿ ರಬ್ಬರ್ ಕೆಡುತ್ತದೆ. ಅಷ್ಟೆಲ್ಲ ಬಿಚ್ಚಿದ ಮೇಲೆ ಪಂಪ್ ಹಳೇದನ್ನೇ ಬಿಡುವುದರಲ್ಲಿ ಅರ್ಥವೇ ಇಲ್ಲ.

ಇಷ್ಟೆಲ್ಲ ಬರೆಸಿಯೇ ನಾನು ಕೆಲಸ ಕೊಟ್ಟಿದ್ದೆ. ಎಸ್ಟಿಮೇಟ್‌ನಲ್ಲಿ ಒಂದೊಂದು ಸಾಮಾನೂ ಬೇರೆ ಬೇರೆ ಸಾಲಿನಲ್ಲಿತ್ತು. ಹಳೇ ಸಾಮಾನು ವಾಪಸ್ ಬೇಕು ಅಂತಲೂ ಬರೆಸಿದ್ದೆ. ಗ್ಯಾರೇಜಿನ ಹೆಸರು ಇಲ್ಲಿ ಹಾಕುತ್ತಿಲ್ಲ, ವ್ಯವಹಾರ ಇನ್ನೂ ಮುಗಿದಿಲ್ಲ. ಜರ್ಮನ್ ಕಾರುಗಳ ಸ್ಪೆಷಲಿಸ್ಟ್ ಅಂತ ಬೋರ್ಡ್ ಇದೆ, ಒಳ್ಳೆಯ ರಿವ್ಯೂಗಳೂ ಇವೆ. ಆ ರಿವ್ಯೂಗಳೆಲ್ಲ ಹೊಸ ಕಾರುಗಳ ಆಯಿಲ್ ಚೇಂಜ್, ಬ್ರೇಕ್ ಪ್ಯಾಡ್ ಕೆಲಸದವು. 944ರ ಮುಂಭಾಗ ಬಿಚ್ಚಿದವರು ಯಾರು, ಎಷ್ಟು ಸಲ ಬಿಚ್ಚಿದ್ದಾರೆ ಅನ್ನುವುದು ರಿವ್ಯೂ ಓದಿದರೆ ತಿಳಿಯುವುದಿಲ್ಲ.

ಕಾರು ತರಲು ಹೋದಾಗ ಹಳೇ ಸಾಮಾನು ಕೇಳಿದೆ. ‘ಸ್ಕ್ರ್ಯಾಪ್ ಗಾಡಿ ಬೆಳಿಗ್ಗೆನೇ ಬಂದು ತಗೊಂಡು ಹೋಯ್ತು, ಸಾರಿ’ ಅಂದರು. ಬರೆದು ಕೊಟ್ಟಿದ್ದೆನಲ್ಲ ಅಂತ ವಾದ ಮಾಡಿದೆ. ಹುಡುಗ ಹೊಸಬ, ಗೊತ್ತಾಗಲಿಲ್ಲ ಅಂದರು. ಕೊನೆಗೆ ‘ಹಳೇ ಭಾಗಗಳನ್ನು ಗ್ರಾಹಕರಿಗೆ ಕೊಟ್ಟಿಲ್ಲ’ ಅಂತ ಬಿಲ್ಲಿನ ಮೇಲೆಯೇ ಪೆನ್ನಿನಲ್ಲಿ ಬರೆಸಿ, ಮ್ಯಾನೇಜರ್ ಸಹಿ ಹಾಕಿಸಿಕೊಂಡು 1,400 ಡಾಲರ್ ಕೊಟ್ಟೆ. ಆ ಒಂದು ಸಾಲು ಆಮೇಲೆ ನನ್ನ ಕೈ ಹಿಡಿಯಿತು. ನಿಮಗೂ ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ಸುಮ್ಮನೆ ಬರಬೇಡಿ, ಬರೆಸಿಕೊಳ್ಳಿ.

ಇನ್ನೊಂದು ಸೂಚನೆ ಟೆನ್ಷನ್, ಅಂದರೆ ಬೆಲ್ಟಿನ ಬಿಗಿಯ ವಿಷಯದಲ್ಲಿ ಸಿಕ್ಕಿತು. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಹಿಗ್ಗುತ್ತದೆ. ಸುಮಾರು 2,000 ಮೈಲಿ ಒಳಗೆ ಮತ್ತೆ ತೆರೆದು, ಎಂಜಿನ್ ತಣ್ಣಗಿರುವಾಗ ಬಿಗಿ ಅಳೆಯಬೇಕು. ಅದಕ್ಕೆ ಪೋರ್ಷೆಯದೇ ಅಳತೆಯ ಸಾಧನವಿದೆ, ಪಿ9201 ಅಂತ. ಸಡಿಲವಾದರೆ ಬೆಲ್ಟ್ ಹಲ್ಲು ಜಿಗಿಯುತ್ತದೆ. ಜಾಸ್ತಿ ಬಿಗಿಯಾದರೆ ಪಂಪಿನ ಬೇರಿಂಗಿಗೆ ಪೆಟ್ಟು. ನಾನು ಫೋನ್ ಮಾಡಿ ಕಾರು ಯಾವಾಗ ತರಲಿ ಅಂತ ಕೇಳಿದರೆ, ಆ ಕಡೆಯಿಂದ ಬಂದ ಉತ್ತರ: ‘ಅದು ಬೇಕಾಗಿಲ್ಲ ಸರ್, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್‌ನಲ್ಲಿ ಸ್ಪ್ರಿಂಗ್ ಇರುತ್ತದೆ, ತಾನೇ ಸರಿಮಾಡಿಕೊಳ್ಳುತ್ತದೆ.’

ಸ್ಪ್ರಿಂಗ್ ಇರುವ ಟೆನ್ಷನರ್ ಬಂದದ್ದು 1987ರ ಮಾಡೆಲ್‌ನಿಂದ. 1986ರ ಕಾರಿಗೆ ಕೈಯಲ್ಲೇ ಬಿಗಿ ಮಾಡಬೇಕು. ಈ ಕಾರನ್ನು ಈಗಷ್ಟೇ ಬಿಚ್ಚಿ ಜೋಡಿಸಿದವರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಂತ ಹೇಳಿ ಒತ್ತಾಯ ಮಾಡಿ ಕಾರು ಒಯ್ದೆ. ಮಧ್ಯಾಹ್ನವೆಲ್ಲ ಇಟ್ಟುಕೊಂಡು ‘ಟೆನ್ಷನ್ ಪರೀಕ್ಷಿಸಲಾಗಿದೆ, ಸರಿ ಇದೆ’ ಅಂತ ಕಾಗದ ಕೊಟ್ಟರು. ಎಷ್ಟು ಬಂತು ಅಂದರೆ ಅಂಕಿ ಹೇಳಲಿಲ್ಲ. ಬೆರಳಿನಲ್ಲಿ ತಿರುಚಿ ನೋಡಿದೆವು ಅಂದರು. ಬೆರಳಿನಲ್ಲೇ ಅಂದಾಜು ಹಿಡಿಯುವ ಪಳಗಿದ ಮೆಕ್ಯಾನಿಕ್‌ಗಳು ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಹಣ ತೆಗೆದುಕೊಂಡು ಪರೀಕ್ಷೆ ಅಂತ ಬರೆದುಕೊಟ್ಟ ಮೇಲೆ ಒಂದು ಅಂಕಿ ಇರಲೇಬೇಕು. ಆಗಲೇ ಬೇರೆ ಕಡೆ ತೋರಿಸಲು ದಿನ ಗೊತ್ತು ಮಾಡಿದೆ. ಆ ದಿನ ಬರುವ ತನಕ ಕಾರು ತಾಳಲಿಲ್ಲ.

ಎಂಜಿನ್ ಮುಂದುಗಡೆಯಿಂದ ಸಣ್ಣಗೆ ಗರಗರ ಸದ್ದು ಶುರುವಾಗಿತ್ತು. ಫ್ರೀಮಾಂಟ್‌ನಿಂದ 680 ಹೈವೇಯಲ್ಲಿ ಸುನೋಲ್ ಏರು ಹತ್ತುವಾಗ ಒಂದೇ ಏಟಿಗೆ ಶಕ್ತಿ ಹೋಯಿತು. ಸ್ಟಿಯರಿಂಗ್ ಕಲ್ಲಾಯಿತು. ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. 944 ದಾರಿಯಲ್ಲಿ ನಿಂತರೆ ಎಲ್ಲರೂ ಮೊದಲು ಅನುಮಾನಿಸುವುದು ಡಿಎಂಇ ರಿಲೇಯನ್ನು, ಅಂದರೆ ಎಂಜಿನ್ ಕಂಪ್ಯೂಟರಿಗೂ ಇಂಧನ ಪಂಪಿಗೂ ಕರೆಂಟ್ ಕೊಡುವ ಸ್ವಿಚ್ಚನ್ನು. ಅದರೊಳಗಿನ ಬೆಸುಗೆ ಬಿರುಕು ಬಿಡುತ್ತದೆ, ಇಂಧನ ಪಂಪಿಗೆ ಕರೆಂಟ್ ಹೋಗುವುದಿಲ್ಲ. ಗ್ಲೋವ್ ಬಾಕ್ಸ್‌ನಲ್ಲಿ ಒಂದು ಹೆಚ್ಚಿನ ರಿಲೇ ಇಟ್ಟುಕೊಳ್ಳುವುದು ಈ ಕಾರಿನವರ ರೂಢಿ. (ಕಾರು ಸ್ಟಾರ್ಟ್ ಆಗುತ್ತಿಲ್ಲ ಅಂದಾಗ ರಿಲೇ ಬದಲಿಸಿ ನೋಡದೆ ನೇರವಾಗಿ ಕಂಪ್ಯೂಟರೇ ಹೋಗಿದೆ ಅನ್ನುವ ಗ್ಯಾರೇಜಿನಿಂದಲೂ ದೂರ ಇರಿ.) ರಿಲೇ ಬದಲಿಸಿ ಕೀಲಿ ತಿರುಗಿಸಿದೆ. ಸ್ಟಾರ್ಟರ್ ಸುತ್ತಿತು, ಆದರೆ ಖಾಲಿ ಮಿಕ್ಸಿ ತಿರುಗಿದ ಹಾಗೆ, ಒತ್ತಡವೇ ಇಲ್ಲದೆ ಸರ್ರನೆ. ಸಿಲಿಂಡರ್‌ನಲ್ಲಿ ಕಂಪ್ರೆಶನ್ ಇದ್ದರೆ ಆ ಸದ್ದಿಗೆ ಒಂದು ಲಯ ಇರುತ್ತದೆ. ಅದು ಇರಲಿಲ್ಲ. ತಕ್ಷಣ ಕೀಲಿ ತೆಗೆದೆ. ಈ ಸದ್ದು ಕೇಳಿದರೆ ನೀವೂ ಇನ್ನೊಂದು ಸಲ ಸ್ಟಾರ್ಟ್ ಮಾಡಲು ಹೋಗಬೇಡಿ. ಉಳಿದ ವಾಲ್ವೂ ಹೋಗುತ್ತದೆ.

ಕಾರನ್ನು ಆ ಗ್ಯಾರೇಜಿಗೆ ವಾಪಸ್ ಒಯ್ಯಲಿಲ್ಲ. ಕಾರು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯಲ್ಲಿ ಹಾಕಿಸಿ ಹೇವರ್ಡ್‌ನಲ್ಲಿರುವ ಗೆಳೆಯರೊಬ್ಬರ ಮನೆಗೆ ತಂದೆ. ಧಾರವಾಡ ಕಡೆಯ ಹಿರಿಯರು, ಅವರ ಬಳಿಯೂ 944 ಇದೆ, ಎಲ್ಲ ಕೆಲಸ ಕೈಯಾರೆ ಮಾಡುತ್ತಾರೆ. ಬಿಚ್ಚುವ ಮೊದಲು ಒಂದೊಂದು ಬೋಲ್ಟಿನ ಫೋಟೊ ತೆಗೆದೆವು. ಕವರ್ ತೆಗೆದ ಕೂಡಲೇ ಅವರು ಟಾರ್ಚ್ ಬಿಟ್ಟು, ‘ನೋಡ್ರಿ ಇಲ್ಲೆ, ಈ ಪಂಪಿನ ಬೋಲ್ಟ್ ಯಾರೂ ಮುಟ್ಟೇ ಇಲ್ರಿ’ ಅಂದರು. ನಿಜ. ಬೋಲ್ಟಿನ ತಲೆ ಸುತ್ತ ಒಣಗಿದ ಕೂಲಂಟ್ ಬಿಳಿ ಪುಡಿಯಾಗಿ ಕಟ್ಟಿಕೊಂಡಿತ್ತು, ಅದರ ಮೇಲೆ ಎಣ್ಣೆಯ ಕಪ್ಪು ಧೂಳು. ಸ್ಪ್ಯಾನರ್ ತಾಗಿದ್ದರೆ ಅದು ಉದುರಿರಬೇಕಿತ್ತು. ಪಂಪಿನ ಚಕ್ರ ಕೈಗೆ ತಿರುಗಲೇ ಇಲ್ಲ. ಕ್ಯಾಮ್ ಬೆಲ್ಟ್ ಹೊಸದು, ಬೆನ್ನ ಮೇಲಿನ ಬಿಳಿ ಅಕ್ಷರ ಇನ್ನೂ ಓದಲು ಬರುತ್ತಿತ್ತು. ಒಂದು ಗೇಣಿನಷ್ಟು ಭಾಗದಲ್ಲಿ ಹಲ್ಲು ಬುಡಸಮೇತ ಹೋಗಿತ್ತು. ಪಕ್ಕದ ಬ್ಯಾಲೆನ್ಸ್ ಶಾಫ್ಟ್ ಬೆಲ್ಟ್ ಹಳೇದು, ಅಕ್ಷರ ಅಳಿಸಿ ಬೆನ್ನು ಹೊಳೆಯುತ್ತಿತ್ತು, ಬಗ್ಗಿಸಿದರೆ ಬಿರುಕು. ರೋಲರ್ ಕೂಡ ಹಳೇವೇ. ಇವೆಲ್ಲ ಬಿಲ್‌ನಲ್ಲಿ ಹೊಸದಾಗಿದ್ದವು.

ವಾಲ್ವ್‌ಗಳು ಕೂರುವ ಸಿಲಿಂಡರ್ ಹೆಡ್ ಇಳಿಸಿದಾಗ ಎಂಟು ವಾಲ್ವ್‌ಗಳಲ್ಲಿ ನಾಲ್ಕು ಬಾಗಿದ್ದು ಕಂಡಿತು. ಪಿಸ್ಟನ್ ಮೇಲೆ ಉಗುರಿನಂಥ ಗುರುತು ಬಿದ್ದಿತ್ತು, ಸದ್ಯ ತೂತಾಗಿರಲಿಲ್ಲ. ಮಶೀನ್ ಶಾಪ್ ಕೆಲಸ, ವಾಲ್ವು, ಗ್ಯಾಸ್ಕೆಟ್ಟು, ಮತ್ತೆ ಪೂರ್ತಿ ಬೆಲ್ಟ್ ಸೆಟ್ಟು, ಎಲ್ಲ ಸೇರಿ 3,000 ಡಾಲರ್ ದಾಟಿತು. ಅದೂ ಬಿಚ್ಚಿ ಜೋಡಿಸುವ ಕೂಲಿ ಇಲ್ಲದೆ. ಇನ್ಶೂರೆನ್ಸ್ ಇದಕ್ಕೆಲ್ಲ ಬರುವುದಿಲ್ಲ.

ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಜಾಸ್ತಿ ಇನ್ನೊಂದಕ್ಕೆ. ಕಾರು ಏರಿನಲ್ಲಿ, ಲಾರಿಗಳ ನಡುವೆ ನಿಂತಿತು. ಮಗಳು ಪಕ್ಕದ ಸೀಟಿನಲ್ಲಿದ್ದಳು. ಹಾಕದ ಪಂಪಿಗೆ ಬಿಲ್ ಮಾಡಿದವನಿಗೆ ಆ ಪಂಪ್ ಎಲ್ಲಾದರೂ ಒಂದು ಕಡೆ ನಿಲ್ಲುತ್ತದೆ ಅಂತ ಗೊತ್ತೇ ಇತ್ತು.

ಫೋಟೊ ತೋರಿಸಿದಾಗ ಮ್ಯಾನೇಜರ್ ಮೊದಲು ‘1986ರ ಕಾರು ಸರ್, ಏನು ಬೇಕಾದರೂ ಆಗಬಹುದು’ ಅಂದರು. ಆಮೇಲೆ ಆ ಕೆಲಸದವನು ಬಿಟ್ಟುಹೋಗಿದ್ದಾನೆ ಅಂದರು. ಆಮೇಲೆ ಮುಂದಿನ ಸರ್ವಿಸ್‌ನಲ್ಲಿ ರಿಯಾಯಿತಿ ಕೊಡುತ್ತೇವೆ ಅಂದರು.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಒಂದು ಮುಖ್ಯ ವಿಷಯ. ಇಲ್ಲಿ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಅಂತ ಸರ್ಕಾರಿ ಇಲಾಖೆ ಇದೆ. ಗ್ಯಾರೇಜುಗಳು ಅಲ್ಲಿ ನೋಂದಣಿ ಮಾಡಿಸಿರಬೇಕು. ಕೆಲಸ ಶುರುವಾಗುವ ಮೊದಲು ಬರಹದಲ್ಲಿ ಎಸ್ಟಿಮೇಟ್ ಕೊಡಬೇಕು. ಹಾಕಿದ ಭಾಗ ಹೊಸದೋ, ಬಳಸಿದ್ದೋ, ರಿಪೇರಿ ಮಾಡಿದ್ದೋ ಅಂತ ಬಿಲ್‌ನಲ್ಲಿ ಹೇಳಬೇಕು. ಕೆಲಸ ಒಪ್ಪಿಸುವಾಗಲೇ ಕೇಳಿದರೆ ಹಳೇ ಭಾಗ ವಾಪಸ್ ಕೊಡಬೇಕು. ಹೊಸದರ ಬದಲಿಗೆ ಕಂಪನಿಗೆ ವಾಪಸ್ ಕಳಿಸಬೇಕಾದ ಭಾಗವಾದರೆ ಕಣ್ಣಿಗೆ ತೋರಿಸಲಾದರೂ ಬೇಕು. ನಾನು ದೂರು ಕೊಟ್ಟೆ. ದೂರಿಗೆ ಖರ್ಚಿಲ್ಲ. ಆ ಇಲಾಖೆ ಹಣ ಕೊಡಿಸಲೇಬೇಕು ಅಂತ ಆಜ್ಞೆ ಮಾಡಲಾರದು, ನಡುವೆ ನಿಂತು ಮಾತಾಡಿಸುತ್ತದೆ. ಪೆನ್ನಿನಲ್ಲಿ ಬರೆಸಿದ ಆ ಸಾಲು, ಬೋಲ್ಟಿನ ಫೋಟೊಗಳು ಎರಡೂ ಸೇರಿದಾಗ ಗ್ಯಾರೇಜಿನವರು 1,400 ಡಾಲರ್ ವಾಪಸ್ ಕೊಟ್ಟರು. ಎಂಜಿನ್ ನಷ್ಟಕ್ಕೆ ಒಪ್ಪಿಲ್ಲ. ಅದಕ್ಕೆ ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹಾಕಿದ್ದೇನೆ. ಅಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್ ತನಕ ಕೇಳಬಹುದು, ವಕೀಲರು ಬಂದು ವಾದಿಸುವ ಹಾಗಿಲ್ಲ. ಹಾಳಾದ ಪಂಪ್, ಬೆಲ್ಟ್ ಎಲ್ಲ ಚೀಟಿ ಅಂಟಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೆಟ್ಟ ಸಾಮಾನನ್ನು ಬೇಸರದಲ್ಲಿ ಎಸೆಯಬೇಡಿ.

ನಮ್ಮಪ್ಪ ಬೆಂಗಳೂರಲ್ಲಿ ಪದ್ಮಿನಿ ಓಡಿಸುವಾಗ ಜೆಸಿ ರಸ್ತೆಗೆ ಹೋಗಿ ಸಾಮಾನು ತಾವೇ ಕೊಂಡು ತರುತ್ತಿದ್ದರು. ಮೆಕ್ಯಾನಿಕ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಹಳೇದನ್ನು ಪೇಪರ್‌ನಲ್ಲಿ ಸುತ್ತಿಸಿಕೊಂಡು ಮನೆಗೆ ತರುತ್ತಿದ್ದರು. ಇಲ್ಲಿ ಗ್ಯಾರೇಜಿನ ಒಳಗೆ ಬಿಡುವುದಿಲ್ಲ, ಇನ್ಶೂರೆನ್ಸ್ ನಿಯಮ ಅನ್ನುತ್ತಾರೆ. ಅದಕ್ಕೆ ದಾರಿ ಇದೆ. ಕೆಲಸ ಕೊಡುವ ಮೊದಲು ಹಳೇ ಪಂಪಿನ ಮೇಲೆ, ರೋಲರ್ ಮೇಲೆ ಕಾಣುವ ಕಡೆ ಬಣ್ಣದ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಹೊಸ ಸಾಮಾನು ಡಬ್ಬಿಯಲ್ಲಿರುವಾಗ ಒಂದು, ಎಂಜಿನ್ ಮೇಲೆ ಕೂತ ಮೇಲೆ ಒಂದು, ಕವರ್ ಮುಚ್ಚುವ ಮೊದಲು ಒಂದು ಫೋಟೊ ಕಳಿಸಿ ಅಂತ ಎಸ್ಟಿಮೇಟ್‌ನಲ್ಲೇ ಬರೆಸಿ. ಪಿ9201 ಇದೆಯಾ ಅಂತ ಕೇಳಿ. ಬೇರೆ ಅಳತೆ ಸಾಧನ ಇದ್ದರೂ ಆಗುತ್ತದೆ, ಅಂಕಿ ಕೊಡಲು ಒಪ್ಪಬೇಕು ಅಷ್ಟೆ. ನಿಜವಾಗಿ ಕೆಲಸ ಬಲ್ಲವರಿಗೆ ಇದರಿಂದ ಬೇಜಾರಾಗುವುದಿಲ್ಲ. ಈಗ ನಾನು ಹೋಗುವ ಹಳಬ ಮೆಕ್ಯಾನಿಕ್ ನಾನು ಕೇಳುವ ಮೊದಲೇ ಫೋಟೊ ಕಳಿಸುತ್ತಾರೆ.

ಕಾರು ಕೊಳ್ಳುವವರಿಗೂ ಇಷ್ಟೇ. ಮಾರುವವರು ‘ಬೆಲ್ಟ್ ಆಗಿದೆ’ ಅಂದರೆ ತಾರೀಖು, ಮೈಲಿ, ಸಾಮಾನಿನ ಪಟ್ಟಿ, ಫೋಟೊ ಕೇಳಿ. ಇಲ್ಲದಿದ್ದರೆ ಆಗಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ, ಮನೆಗೆ ತರುವ ಮುಂಚೆಯೇ ಫ್ಲಾಟ್‌ಬೆಡ್‌ನಲ್ಲಿ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಕಳಿಸಿ.

ಹೆಡ್ ಮಶೀನ್ ಶಾಪ್‌ನಿಂದ ಬಂದು ಕೂತಿದೆ, ಕಂಪ್ರೆಶನ್ ನಾಲ್ಕರಲ್ಲೂ ಸರಿ ಇದೆ. ನಾನೂ ಧಾರವಾಡದ ಗೆಳೆಯರೂ ಸೇರಿ ಒಂದು ಪಿ9201 ಕೊಂಡಿದ್ದೇವೆ. ಬೇ ಏರಿಯಾದಲ್ಲಿ 944 ಇರುವವರು ಬೆಲ್ಟ್ ಬಿಗಿ ನೋಡಿಸಬೇಕೆಂದರೆ ಮೆಸೇಜ್ ಮಾಡಿ, ಶನಿವಾರ ಬೆಳಿಗ್ಗೆ ಬನ್ನಿ. ಎಂಜಿನ್ ತಣ್ಣಗಿರಬೇಕು, ಹಾಗಾಗಿ ಕಾರನ್ನು ಹಿಂದಿನ ರಾತ್ರಿಯೇ ತಂದು ನಿಲ್ಲಿಸಿದರೆ ಇನ್ನೂ ಒಳ್ಳೇದು.