ಗೋಪುರವೋ, ರಾಡಾರ್ ಕೊಠಡಿಯೋ?

ಭೌತಶಾಸ್ತ್ರ, ಗಣಿತ ಓದಿ ವಾಯು ಸಂಚಾರ ನಿಯಂತ್ರಕರಾಗಲು ಬಯಸುವ ಶಿವಮೊಗ್ಗದ ಯುವಜನರು, ಈ ಹುದ್ದೆಯೊಳಗೆ ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಗೋಪುರದ ನಿಯಂತ್ರಕರ ಹೊಣೆ ರನ್‌ವೇ ಮತ್ತು ಅದರ ಸುತ್ತಲಿನ ಆಕಾಶ. ಶಿವಮೊಗ್ಗದ ಸೋಗಾನೆಯಂಥ ವಿಮಾನ ನಿಲ್ದಾಣದಲ್ಲಿ 3,200 ಮೀಟರ್ ರನ್‌ವೇ ಮೇಲೆ ತಪಾಸಣೆಯ ವಾಹನವೊಂದು ಇರುವಾಗ ಇಳಿಯುವ ಅನುಮತಿ ಕೊಡುವಂತಿಲ್ಲ. ಆದ್ದರಿಂದ ಕಣ್ಣು ಕಿಟಕಿಯಾಚೆಗೇ ಇರಬೇಕು. ಮಲೆನಾಡಿನ ಮಳೆಗಾಲದಲ್ಲಿ ಮೋಡ ತಗ್ಗಿ ಆ ನೋಟವೇ ಮಸುಕಾದಾಗ ಹವಾಮಾನದ ನಿಖರ ಮಾಹಿತಿಯನ್ನು ಪೈಲಟ್‌ಗೆ ತಲುಪಿಸುವುದು ನಿಯಂತ್ರಕರ ಕೆಲಸವಾದರೆ, ಇಳಿಯಬೇಕೇ ಹಿಂದಿರುಗಬೇಕೇ ಎಂಬ ನಿರ್ಧಾರ ಪೈಲಟ್‌ನದು. ಈ ಗೆರೆಯನ್ನು ಗೌರವಿಸುವ ಸಂಯಮ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ.

ರಾಡಾರ್ ಕೊಠಡಿಯಲ್ಲಿ ನಡೆಯುವ ಏರಿಯಾ ಕಂಟ್ರೋಲ್‌ನಲ್ಲಿ ಕಿಟಕಿಯ ಪ್ರಶ್ನೆಯೇ ಇಲ್ಲ. ನಮ್ಮ ತಲೆಯ ಮೇಲೆ ಎತ್ತರದಲ್ಲಿ ಸಾಗುವ ವಿಮಾನಗಳನ್ನು ಚೆನ್ನೈ ಹಾರಾಟ ಮಾಹಿತಿ ವಲಯದ (ಚೆನ್ನೈ ಕೇಂದ್ರದ ಹೊಣೆಯಲ್ಲಿರುವ ಆಕಾಶಭಾಗದ) ನಿಯಂತ್ರಕರು ಪರದೆಯ ಮೇಲೆ ನೋಡುತ್ತಾ, ಸಾಮಾನ್ಯವಾಗಿ 1,000 ಅಡಿ ಎತ್ತರದ ಅಂತರವನ್ನೋ ನಿಗದಿತ ಅಡ್ಡ ಅಂತರವನ್ನೋ ಕಾಯುತ್ತಾರೆ. ಒಬ್ಬರು ರೇಡಿಯೊದಲ್ಲಿ ಮಾತನಾಡಿದರೆ, ಜೊತೆಗಾರರು ಪಕ್ಕದ ವಲಯಗಳೊಂದಿಗೆ ವಿಮಾನಗಳ ಹಸ್ತಾಂತರವನ್ನು ಹೊಂದಿಸುತ್ತಾರೆ. ಗೋಪುರ ಮತ್ತು ಏರಿಯಾಗಳ ನಡುವಿನ ಅಪ್ರೋಚ್ ನಿಯಂತ್ರಣವು ಇಳಿಯಲು ಬರುವ ವಿಮಾನಗಳನ್ನು ಸರದಿಗೆ ತಂದು ಗೋಪುರಕ್ಕೆ ಒಪ್ಪಿಸುತ್ತದೆ.

ತಮ್ಮ ಆದೇಶದ ಫಲವನ್ನು ಕಣ್ಣಾರೆ ಕಾಣಬಯಸುವವರಿಗೆ ಗೋಪುರ ಒಗ್ಗುತ್ತದೆ. ಹತ್ತಾರು ಎತ್ತರ, ವೇಗ, ದಿಕ್ಕುಗಳನ್ನು ಮನಸ್ಸಿನಲ್ಲೇ ಹೊಂದಿಸಿ ವಿಮಾನಗಳು ಮುಂದೆ ಎಲ್ಲಿ ತೀರಾ ಹತ್ತಿರವಾದಾವು ಎಂಬುದನ್ನು ಊಹಿಸಬಲ್ಲವರಿಗೆ ಏರಿಯಾ. ಪಾಳಿಯ ದುಡಿಮೆ ಎರಡರಲ್ಲೂ ತಪ್ಪದು. ಆದರೆ ನಿಯೋಜನೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಅಗತ್ಯದಂತೆ ನಡೆಯುವುದರಿಂದ, ಊರಿನ ಗೋಪುರವೇ ಸಿಗಬೇಕೆಂಬ ನಿರೀಕ್ಷೆ ಬೇಡ. ಹೊಸ ಕೇಂದ್ರಕ್ಕೆ ಹೋದಾಗ ಅಲ್ಲಿನ ಅರ್ಹತೆಯನ್ನು ಮತ್ತೆ ಗಳಿಸಬೇಕಾಗುತ್ತದೆ.