ಮಧುಚಂದ್ರಕ್ಕೆ ಸ್ವರಾಜ್ ದ್ವೀಪವೋ, ಶಹೀದ್ ದ್ವೀಪವೋ?

ಅಂಡಮಾನಿಗೆ ಹೊರಡುವ ನವದಂಪತಿಗಳಿಗೆ ಬೆಂಗಳೂರಿನ ಪ್ರವಾಸ ಏಜೆಂಟರು ಕೊಡುವ ಪ್ಯಾಕೇಜುಗಳಲ್ಲಿ ಹೆಚ್ಚಿನ ರಾತ್ರಿಗಳು ಸ್ವರಾಜ್ ದ್ವೀಪಕ್ಕೇ ಮೀಸಲು. ಶಹೀದ್ ದ್ವೀಪಕ್ಕೆ ಸಿಗುವುದು ಎರಡು ಹಡಗುಗಳ ನಡುವಿನ ಕೆಲವು ಗಂಟೆ, ಹೆಚ್ಚೆಂದರೆ ಒಂದು ರಾತ್ರಿ. ಎರಡೂ ಕಡೆ ತಂಗಿ ಬಂದ ಮೇಲೆ, ಈ ಹಂಚಿಕೆ ತಿರುಗುಮುರುಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2018ರ ಡಿಸೆಂಬರ್‌ವರೆಗೆ ಕ್ರಮವಾಗಿ ಹ್ಯಾವ್‌ಲಾಕ್ ಮತ್ತು ನೀಲ್ ಎನಿಸಿಕೊಂಡಿದ್ದ ದ್ವೀಪಗಳಿವು. ಹಳೆಯ ಹೆಸರುಗಳು ಇಂದಿಗೂ ಬಳಕೆಯಲ್ಲಿರುವುದರಿಂದ ಟಿಕೆಟ್ ಕಾಯ್ದಿರಿಸುವಾಗ ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಸ್ವರಾಜ್ ದ್ವೀಪದ ರಾಧಾನಗರ ಕಡಲತೀರದ ಸೊಬಗಿನ ಬಗ್ಗೆ ಎರಡು ಮಾತಿಲ್ಲ. 2020ರಲ್ಲಿ ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಯ ಜೊತೆಗೇ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು. ಅಗಲವಾದ ಬಿಳಿ ಮರಳು, ಬೆನ್ನಿಗೆ ದಟ್ಟವಾದ ಎತ್ತರದ ಕಾಡು. ಆದರೆ ಅದು ಪಶ್ಚಿಮ ದಡದಲ್ಲಿದೆ, ವಸತಿಗೃಹಗಳಲ್ಲಿ ಬಹುಪಾಲು ಪೂರ್ವ ದಡದ ಗೋವಿಂದನಗರ ಮತ್ತು ವಿಜಯನಗರಗಳಲ್ಲಿವೆ. ಅಂಡಮಾನ್ ಬೆಂಗಳೂರಿಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆಗಿರುವುದರಿಂದ, ಅಲ್ಲಿ ಸೂರ್ಯ ಸುಮಾರು ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಚಳಿಗಾಲದಲ್ಲಿ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆಲ್ಲ ಸೂರ್ಯಾಸ್ತ. ಹೀಗಾಗಿ ಊಟ ಮುಗಿಸಿ ಅರೆಗಳಿಗೆ ವಿಶ್ರಮಿಸುವಷ್ಟರಲ್ಲಿ ಆಟೊ ಅಥವಾ ಬಾಡಿಗೆ ಸ್ಕೂಟರ್ ಹಿಡಿದು ರಾಧಾನಗರಕ್ಕೆ ಧಾವಿಸಬೇಕು, ಕತ್ತಲಲ್ಲಿ ಅದೇ ದಾರಿಯಲ್ಲಿ ಮರಳಬೇಕು. ಮದುವೆಯ ಓಡಾಟದಿಂದ ದಣಿದು ಬಂದಿದ್ದ ನಮಗೆ ಈ ಧಾವಂತ ಹಿತವೆನಿಸಲಿಲ್ಲ.

ಶಹೀದ್ ದ್ವೀಪ ಒಂದು ತುದಿಯಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಐದು ಕಿಲೋಮೀಟರ್ ಮಾತ್ರ. ಬಾಡಿಗೆ ಸೈಕಲ್ಲಿನಲ್ಲಿ ಬೆಳಿಗ್ಗೆ ಸೀತಾಪುರದ ಸೂರ್ಯೋದಯ, ಸಂಜೆ ಲಕ್ಷ್ಮಣಪುರದ ಸೂರ್ಯಾಸ್ತ, ನಡುವೆ ಬಾಳೆತೋಟ, ಗದ್ದೆ, ತರಕಾರಿ ಮಡಿಗಳ ನಡುವಿನ ದಾರಿ. ಹೊತ್ತು ಮೂಡುವ ಮೊದಲೇ ಏಳುವ ಅಭ್ಯಾಸ ನಮ್ಮಿಬ್ಬರಿಗೂ ಇರುವುದರಿಂದ ಈ ದಿನಚರಿ ನಮಗೆ ತಾನಾಗಿಯೇ ಒಗ್ಗಿತು.

ಇಷ್ಟಾದರೂ ಶಹೀದ್ ದ್ವೀಪದಲ್ಲಿ ಒಂದು ತೊಡಕಿದೆ, ಅದನ್ನು ಮೊದಲೇ ತಿಳಿಸುವವರು ಕಡಿಮೆ. ಅಲ್ಲಿನ ಎರಡು ಮುಖ್ಯ ಆಕರ್ಷಣೆಗಳು ಸಮುದ್ರದ ಎರಡು ವಿರುದ್ಧ ಸ್ಥಿತಿಗಳನ್ನು ಬೇಡುತ್ತವೆ. ಲಕ್ಷ್ಮಣಪುರದ ಎರಡನೆಯ ತೀರದಲ್ಲಿರುವ, ಸ್ಥಳೀಯರು ಹೌರಾ ಸೇತುವೆ ಎಂದು ಕರೆಯುವ ಕಲ್ಲಿನ ಕಮಾನಿನ ಬುಡಕ್ಕೆ ಹೋಗಲು ಇಳಿತ ಬೇಕು. ನೀರು ಸರಿದಾಗ ಮಾತ್ರ ಸತ್ತ ಹವಳದ ಹಾಸಿನ ಮೇಲೆ ನಡೆದು, ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಸಮುದ್ರ ಸೌತೆ ಎಂಬ ಮೆತ್ತನೆಯ ಜೀವಿ, ಏಡಿ, ಪುಟ್ಟ ಮೀನುಗಳನ್ನು ನೋಡಬಹುದು. ಭರತಪುರದಲ್ಲಿ ಗಾಜಿನ ತಳದ ದೋಣಿ ಹವಳದ ಮೇಲೆ ಸಾಗಲು ಉಬ್ಬರ ಬೇಕು. ಇಳಿತದಲ್ಲಿ ದೋಣಿಯನ್ನು ಆಳಕ್ಕೆ ನೂಕುವುದೇ ಕಷ್ಟ.

ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಅಂತರವಿರುತ್ತದೆ, ಮತ್ತು ಈ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಬೇಗ ಕತ್ತಲಾಗುವ ಊರಿನಲ್ಲಿ, ಮಧ್ಯಾಹ್ನದ ಹಡಗಿನಲ್ಲಿ ಇಳಿದು ಮರುದಿನ ಬೆಳಿಗ್ಗೆ ಹೊರಡುವವರಿಗೆ ಎರಡೂ ದಕ್ಕುವುದು ಅದೃಷ್ಟದ ಮಾತು. ನಮ್ಮ ಏಜೆಂಟರು ಹಾಕಿಕೊಟ್ಟ ವೇಳಾಪಟ್ಟಿಯಲ್ಲಿ ಸಮುದ್ರದ ವೇಳೆಗೆ ಜಾಗವೇ ಇರಲಿಲ್ಲ. ಸೇತುವೆ ನೋಡಲು ನಮ್ಮನ್ನು ಕಳಿಸಿದ ಹೊತ್ತಿನಲ್ಲಿ ಕಲ್ಲಿನ ಹಾಸೆಲ್ಲ ನೀರಿನಡಿಯಲ್ಲಿತ್ತು. ಫೋನಿನಲ್ಲಿ ಕೇಳಿದರೆ, ಹಣ ಸಂದಾಯವಾದ ಮೇಲೆ ದಿನ ಬದಲಿಸಲಾಗದು ಎಂಬ ಒಂದೇ ಉತ್ತರ. ಕೊನೆಗೆ ಮರುದಿನದ ಹಡಗಿನ ಟಿಕೆಟನ್ನು ಬಿಟ್ಟುಕೊಟ್ಟು, ನಮ್ಮದೇ ಖರ್ಚಿನಲ್ಲಿ ಉಳಿದುಕೊಂಡೆವು. ವಸತಿಗೃಹದವರು ಹೇಳಿದ ಇಳಿತದ ವೇಳೆಗೆ ಮತ್ತೆ ಹೋದಾಗ ಹಿಂದಿನ ದಿನ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಕಮಾನಿನ ಕೆಳಗೇ ನಿಂತಿದ್ದೆವು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ. ಹಿಡಿತವಿರುವ ಚಪ್ಪಲಿ ಬೇಕೇ ಬೇಕು, ಏಕೆಂದರೆ ಪಾಚಿ ಕಟ್ಟಿದ ಹವಳದ ಕಲ್ಲು ಜಾರುತ್ತದೆ, ಕೊಯ್ಯುತ್ತದೆ ಕೂಡ.

ಸ್ವರಾಜ್ ದ್ವೀಪದ ಪೂರ್ವ ದಡದಲ್ಲೂ ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದು ಕಲ್ಲುಗಳು ಎದ್ದು ಕಾಣುತ್ತವೆ. ಕಡಲ ಮುಂದಿನ ಕೋಣೆಗೆ ಹೆಚ್ಚು ಹಣ ತೆರುವವರು ಇದನ್ನು ಗಮನಿಸಬೇಕು.

ಸ್ಕೂಬಾ ಡೈವಿಂಗ್‌ಗೆ ಸ್ವರಾಜ್ ದ್ವೀಪವೇ ಮೇಲು. ತರಬೇತಿ ಕೇಂದ್ರಗಳು ಹೆಚ್ಚು, ಈಜು ಬಾರದವರನ್ನೂ ಕೈಹಿಡಿದು ನೀರಿಗಿಳಿಸುತ್ತಾರೆ. ಮೊಬೈಲ್ ಸಂಪರ್ಕವೂ ಅಲ್ಲಿಯೇ ಉತ್ತಮ: 2020ರಲ್ಲಿ ಚೆನ್ನೈನಿಂದ ಎಳೆದ ಕಡಲಡಿಯ ಕೇಬಲ್ ಆ ದ್ವೀಪವನ್ನು ಮುಟ್ಟುತ್ತದೆ. ಶಹೀದ್ ದ್ವೀಪಕ್ಕೆ ಹೋಗುವಾಗ ನಗದು ಇಟ್ಟುಕೊಳ್ಳಿ.

ಊಟದ ವಿಷಯದಲ್ಲಿ ನಾವು ಸಸ್ಯಾಹಾರಿಗಳು. ಶಹೀದ್ ದ್ವೀಪ ಅಂಡಮಾನಿನ ತರಕಾರಿ ಕಣಜವೆಂದೇ ಹೆಸರಾದದ್ದು. ಬಂಗಾಳಿ ಕುಟುಂಬವೊಂದು ನಡೆಸುವ ಸಣ್ಣ ಹೋಟೆಲಿನಲ್ಲಿ ಅಂದೇ ಕಿತ್ತ ಬದನೆ, ಕುಂಬಳಗಳ ಪಲ್ಯ, ಬೇಳೆ, ಬಿಸಿ ಅನ್ನ ಸಿಗುತ್ತಿತ್ತು. ಸ್ವರಾಜ್ ದ್ವೀಪದಲ್ಲಿ ನಾವು ಉಂಡ ಕಡೆಗಳಲ್ಲಿ ಬೆಲೆ ಹೆಚ್ಚಿತ್ತು, ತರಕಾರಿ ಅಡುಗೆಯ ಮೇಲಿನ ಅಕ್ಕರೆ ಕಡಿಮೆಯಿತ್ತು.

ಖಾಸಗಿ ಹಡಗಿನಲ್ಲಿ ಒಂದೊಂದು ಪಯಣಕ್ಕೂ ತಲೆಗೆ ಸಾವಿರ ರೂಪಾಯಿಗಿಂತ ಹೆಚ್ಚು ತಗಲುತ್ತದೆ, ಸರ್ಕಾರಿ ಹಡಗು ನಿಧಾನವಾದರೂ ಬಹಳ ಅಗ್ಗ. ಮದುವೆಯ ಖರ್ಚು ಮುಗಿಸಿ ಕೈಯಲ್ಲಿ ಉಳಿದ ಹಣದಲ್ಲಿ ಹೊರಡುವ ನಮ್ಮಂಥವರು ಶ್ರೀ ವಿಜಯಪುರಂನಿಂದ (ಹಿಂದಿನ ಪೋರ್ಟ್ ಬ್ಲೇರ್) ನೇರವಾಗಿ ಶಹೀದ್ ದ್ವೀಪಕ್ಕೆ ಹೋಗಿ ಹೆಚ್ಚಿನ ರಾತ್ರಿಗಳನ್ನು ಅಲ್ಲೇ ಕಳೆಯಬೇಕು, ರಾಧಾನಗರಕ್ಕೆ ಒಂದು ಸಂಜೆಯನ್ನು ಇಟ್ಟುಕೊಳ್ಳಬೇಕು. ಏಜೆಂಟರಿಗೆ ಮುಂಗಡ ಕೊಡುವ ಮೊದಲು ಆ ದಿನಗಳ ಉಬ್ಬರವಿಳಿತದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಹಡಗಿನ ವೇಳೆಯನ್ನು ಅದಕ್ಕೆ ಹೊಂದಿಸಿಕೊಡಲು ಕೇಳಿ. ಒಪ್ಪದಿದ್ದರೆ ಹಡಗನ್ನೂ ಕೋಣೆಯನ್ನೂ ನೀವೇ ಬೇರೆಬೇರೆಯಾಗಿ ಕಾಯ್ದಿರಿಸಿಕೊಳ್ಳಿ.