ಸುಮ್ಮಸುಮ್ಮನೆ ಕೂಗುವ ಸೈರನ್: ನಮ್ಮ ಮನೆಯಲ್ಲಿ ಬಳಸಿ ನೋಡಿದ ಮೂರು ಬಗೆಯ ಕಾವಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬಾಗಿಲು ಕಿಟಕಿಗಳಿಗೆ ಕೂರಿಸುವ ತಂತಿಯ ಮ್ಯಾಗ್ನೆಟ್ ಸ್ವಿಚ್ಚಿಗೆ. ನೋಡಲು ಅದರಲ್ಲಿ ಏನೂ ಚೆಂದವಿಲ್ಲ. ಮೊಬೈಲಿನಲ್ಲಿ ಚಿತ್ರ ತೋರಿಸುವುದಿಲ್ಲ. ಅಂಗಡಿಯವರು ತಾವಾಗಿ ಅದನ್ನು ಎತ್ತಿ ತೋರಿಸುವುದೂ ಇಲ್ಲ. ಆದರೆ ಈಗ ನಮ್ಮ ಮನೆಯ ಸೈರನ್ ಕೂಗಿದರೆ ಯಾವುದೋ ಬಾಗಿಲು ತೆರೆದಿದೆ ಎಂದೇ ಅರ್ಥ. ಚಲನೆ ಹಿಡಿಯುವ ಸೆನ್ಸರ್ ಮತ್ತು ವೈಫೈ ಕ್ಯಾಮೆರಾ ಎರಡನ್ನೂ ತಂದು, ಬಳಸಿ, ಓಣಿಯವರೆಲ್ಲರ ನಿದ್ದೆ ಕೆಟ್ಟ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿರುವ ಹಳೆಯ ಮನೆ. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರ್ಸಿ, ಮುಂದೆ ಎರಡು ಕದದ ಬಾಗಿಲು, ನಡುವೆ ಪಡಸಾಲೆ. ಬೇಸಿಗೆಯಲ್ಲಿ ನಾನು ಮತ್ತು ಮಕ್ಕಳು ಮಾಳಿಗೆಯ ಮೇಲೆ ಮಲಗುತ್ತೇವೆ. ಅತ್ತೆಯವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಅವರು ಪಡಸಾಲೆಗೆ ಹೊಂದಿಕೊಂಡ ಕೋಣೆಯಲ್ಲಿ ಕೂಲರ್ ಗಾಳಿಗೆ ಮಲಗುತ್ತಾರೆ. ಮನೆಯವರ ನೌಕರಿ ಯಾದಗಿರಿಯಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಹಿಂದಿನ ಓಣಿಯಲ್ಲಿ ಬೀಗ ಮುರಿದ ಸುದ್ದಿ ಕೇಳಿದ ಮೇಲೆ ಅಲಾರಂ ಹಾಕಿಸುವುದೆಂದು ತೀರ್ಮಾನಿಸಿದೆವು.

ಅಂಗಡಿಯವರು ಕೊಟ್ಟದ್ದು ಪಿಐಆರ್ ಸೆನ್ಸರ್, ಅಂದರೆ ಶಾಖದಿಂದ ಚಲನೆ ಹಿಡಿಯುವ ಸೆನ್ಸರ್ ಇರುವ ಸೆಟ್. ಪಡಸಾಲೆಯ ಮೂಲೆಯಲ್ಲಿ ತಲೆಯ ಮೇಲಿನ ಎತ್ತರಕ್ಕೆ ಒಂದು ಬಿಳಿಯ ಡಬ್ಬಿ, ಹೊರಗೆ ಸೈರನ್, ಕರೆ ಹೋಗಲು ಒಂದು ಸಿಮ್. ಹಾಕಿದ ವಾರದಲ್ಲೇ ಅದು ನಡುರಾತ್ರಿ ಕೂಗಲು ಶುರುವಾಯಿತು. ಮಾಳಿಗೆಯಿಂದ ಎದ್ದುಬಿದ್ದು ಇಳಿದು ಬಂದರೆ ಕೆಳಗೆ ಯಾರೂ ಇಲ್ಲ. ಅತ್ತೆಯವರು ಎದೆಯ ಮೇಲೆ ಕೈ ಇಟ್ಟುಕೊಂಡು ಹಾಸಿಗೆಯಲ್ಲಿ ಕೂತಿರುತ್ತಿದ್ದರು. ಮೊದಮೊದಲು ಪಕ್ಕದ ಮನೆಯ ಕಾಕಾ ಬಡಿಗೆ, ಬ್ಯಾಟರಿ ಹಿಡಿದು ಓಡಿಬರುತ್ತಿದ್ದರು. ಬರಬರುತ್ತಾ ಅವರು ಕಿಟಕಿಯಿಂದಲೇ ಕೂಗಿ ಕೇಳತೊಡಗಿದರು, ಆಮೇಲೆ ಅದೂ ನಿಂತಿತು. ನನಗೆ ದಿಗಿಲಾದದ್ದು ಆಗ. ಸೈರನ್ ಇರುವುದೇ ನೆರೆಯವರು ಎದ್ದು ಬರಲಿ ಎಂದು. ಅವರು ಮಗ್ಗುಲು ಬದಲಿಸಿ ಮಲಗುವುದನ್ನು ರೂಢಿ ಮಾಡಿಕೊಂಡರೆ ಕಳ್ಳನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಸುಳಿವು ಕೊಟ್ಟದ್ದೂ ಆ ಕಾಕಾ ಅವರೇ. "ಅವ್ವಾ, ನಿಮ್ಮ ಮನೆಯ ಸೈರನ್ ಕೂಗಿತೆಂದರೆ ಕರೆಂಟ್ ಬಂದಿದೆ ಎಂದು ನಾವು ಫ್ಯಾನ್ ಹಾಕಿಕೊಳ್ಳುತ್ತೇವೆ" ಎಂದರು. ಆ ಮೇಲೆ ಗಮನಿಸಿದೆ. ಹೌದು, ಕರೆಂಟ್ ಹೋದಾಗ ಕೂಗುತ್ತಿರಲಿಲ್ಲ, ಬಂದು ಸ್ವಲ್ಪ ಹೊತ್ತಿಗೆ ಕೂಗುತ್ತಿತ್ತು. ಹಾಕಿಕೊಟ್ಟ ಹುಡುಗನಿಗೆ ಹೇಳಿದರೆ "ವೋಲ್ಟೇಜ್ ಸಮಸ್ಯೆ ಅಕ್ಕಾ" ಎಂದು ಅಡಾಪ್ಟರ್ ಬದಲಿಸಿದ, ಆಮೇಲೆ ಹನ್ನೆರಡು ವೋಲ್ಟಿನ ಬ್ಯಾಟರಿಯನ್ನೂ ಬದಲಿಸಿ ದುಡ್ಡು ತೆಗೆದುಕೊಂಡು ಹೋದ. ಸೈರನ್ ಮಾತ್ರ ತನ್ನ ಪಾಡಿಗೆ ಕೂಗುತ್ತಲೇ ಇತ್ತು.

ಒಂದು ಸಂಜೆ ಸೈರನ್ನಿನ ತಂತಿ ಬಿಚ್ಚಿ, ಪಡಸಾಲೆಯ ತುದಿಯಲ್ಲಿ ಸ್ಟೂಲ್ ಹಾಕಿಕೊಂಡು ಅಲುಗಾಡದೆ ಕೂತೆ. ಆ ಡಬ್ಬಿಯ ಒಳಗೆ ಒಂದು ಸಣ್ಣ ಕೆಂಪು ದೀಪವಿದೆ, ಅದಕ್ಕೆ ಏನಾದರೂ ಕಂಡರೆ ಮಿಣುಕುತ್ತದೆ. ಮಗನಿಗೆ ಹೇಳಿ ಕೋಣೆಯೊಳಗಿನಿಂದ ಕೂಲರ್ ಮಾತ್ರ ಆರಿಸಿ ಹಾಕಿಸಿದೆ, ಮನೆಯ ಕರೆಂಟ್ ಇದ್ದೇ ಇತ್ತು. ಕೂಲರ್ ಗುಂಯ್ ಎಂದು ಎದ್ದಿತು. ಅತ್ತೆಯವರ ಕೋಣೆಯ ಬಾಗಿಲಿಗೆ ಇಳಿಬಿಟ್ಟಿದ್ದ ಪರದೆ ಉಬ್ಬಿ ಪಡಸಾಲೆಗೆ ಚಾಚಿತು, ದೀಪ ಮಿಣುಕಿತು. ಪರದೆ ಇಳಿಯಿತು, ಮತ್ತೆ ಉಬ್ಬಿತು, ದೀಪ ಮತ್ತೆ ಮಿಣುಕಿತು. ಪರದೆಯನ್ನು ಗಂಟು ಹಾಕಿ ಮೇಲೆ ಸಿಕ್ಕಿಸಿದಾಗ ದೀಪ ಆರಿದಂತೆಯೇ ಉಳಿಯಿತು.

ಅದರ ಕಾರಣ ಇಷ್ಟು. ಈ ಸೆನ್ಸರ್ ಮನುಷ್ಯರನ್ನು ಗುರುತಿಸುವುದಿಲ್ಲ, ಶಾಖದ ವ್ಯತ್ಯಾಸವನ್ನು ಗುರುತಿಸುತ್ತದೆ. ಮುಂದಿನ ಗೀರುಗೀರಾದ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಪಟ್ಟೆಪಟ್ಟೆಯಾಗಿ ಹಂಚುತ್ತದೆ. ಹಿಂದಿನ ಗೋಡೆಗಿಂತ ಬಿಸಿಯಾದ ಅಥವಾ ತಣ್ಣಗಿನ ವಸ್ತು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಸರಿದರೆ ಒಳಗಿನ ಜೋಡಿ ಹರಳುಗಳಲ್ಲಿ ಸಂಕೇತ ಹುಟ್ಟುತ್ತದೆ. ಹಗಲೆಲ್ಲಾ ಕಾದ ಕಲ್ಲಿನ ಗೋಡೆ ನಡುರಾತ್ರಿಯಲ್ಲೂ ಬಿಸಿಯಾಗಿರುತ್ತದೆ. ಅದರ ಮುಂದೆ ಕೂಲರ್ ಗಾಳಿಗೆ ತಣ್ಣಗಾದ ಪರದೆ ಬೀಸಿದರೆ ಅದಕ್ಕೆ ಯಾರೋ ನಡೆದಂತೆಯೇ ಕಾಣುತ್ತದೆ. ಕರೆಂಟ್ ಬಂದು ಕೂಲರ್ ತಾನಾಗಿ ತಿರುಗಿದಾಗಲೆಲ್ಲ ಇದೇ ನಡೆಯುತ್ತಿತ್ತು.

ಪರದೆ ಕಟ್ಟಿದ ಮೇಲೆ ಆ ಕಾಟ ತಪ್ಪಿತು. ಆದರೂ ನಾನು ಆ ಸೆನ್ಸರನ್ನು ಒಪ್ಪದಿರಲು ಇನ್ನೂ ಎರಡು ಕಾರಣಗಳಿವೆ. ಒಂದು, ಅತ್ತೆಯವರು ರಾತ್ರಿ ಬಚ್ಚಲಿಗೆ ಎದ್ದರೆ ಪಡಸಾಲೆ ದಾಟಲೇಬೇಕು. ಸೈರನ್ ಕೂಗೀತೆಂಬ ಹೆದರಿಕೆಗೆ ಅವರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ತಂಬಿಗೆಯ ನೀರು ಬೆಳಿಗ್ಗೆ ಹಾಗೆಯೇ ಇರುವುದನ್ನು ಕಂಡು ಕೇಳಿದಾಗ ತಿಳಿಯಿತು. ನಮ್ಮ ಬಿಸಿಲಿನಲ್ಲಿ ವಯಸ್ಸಾದವರು ನೀರು ಬಿಡುವುದೆಂದರೆ ಕಳ್ಳತನಕ್ಕಿಂತ ದೊಡ್ಡ ಅಪಾಯ. ಮನೆಯೊಳಗಿರುವವರನ್ನೇ ಹೀಗೆ ಕಟ್ಟಿಹಾಕುವ ಕಾವಲು ನನಗೆ ಬೇಡ.

ಎರಡನೆಯದು, ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಮುಚ್ಚಿದ ಮನೆಯ ಗೋಡೆಯ ಬಿಸಿ ಮನುಷ್ಯನ ಮೈಯ ಬಿಸಿಗೆ ಸರಿಸಮವಾದಾಗ ಸೆನ್ಸರಿಗೆ ಆ ಮನುಷ್ಯ ಕಾಣುವುದೇ ಕಷ್ಟ. ಮಧ್ಯಾಹ್ನ ಕೂಲರ್ ನಿಲ್ಲಿಸಿ, ಮಗನನ್ನು ಪಡಸಾಲೆಯಲ್ಲಿ ನಿಧಾನವಾಗಿ ನಡೆಸಿ ನೋಡಿದೆ. ಆ ತುದಿಯಿಂದ ಈ ತುದಿಗೆ ಬಂದರೂ ದೀಪ ಮಿಣುಕಲಿಲ್ಲ. ರಾತ್ರಿ ಪರದೆಗೆ ಕೂಗುವ ಯಂತ್ರ ಹಗಲು ಮನುಷ್ಯನಿಗೆ ಕೂಗುವುದಿಲ್ಲವೆಂದರೆ ಇನ್ನೇನು ಹೇಳುವುದು?

ಶಾಖದ ಜೊತೆಗೆ ಮೈಕ್ರೋವೇವ್, ಅಂದರೆ ಅಲೆ ಕಳಿಸಿ ಅದು ಮರಳುವ ಬಗೆಯಿಂದ ಚಲನೆ ಹಿಡಿಯುವ ವ್ಯವಸ್ಥೆ ಕೂಡ ಇರುವ ಜೋಡಿ ಸೆನ್ಸರ್ ಸಿಗುತ್ತದೆ. ಎರಡೂ ಒಟ್ಟಿಗೆ ಹೌದು ಎಂದರೆ ಮಾತ್ರ ಅದು ಕೂಗುತ್ತದೆ. ದರ ಎರಡು ಪಟ್ಟಿಗಿಂತ ಹೆಚ್ಚು. ಸುಳ್ಳು ಕೂಗು ಕಡಿಮೆಯಾಗುವುದು ನಿಜ, ಆದರೆ ತಿರುಗುವ ಫ್ಯಾನ್ ಮೈಕ್ರೋವೇವನ್ನು, ಬೀಸುವ ಪರದೆ ಶಾಖದ ಕಣ್ಣನ್ನು ಒಂದೇ ಹೊತ್ತಿಗೆ ಮರುಳು ಮಾಡಿದರೆ ಅದೂ ಕೂಗುತ್ತದೆ. ಫ್ಯಾನ್, ಕೂಲರ್ ಇಲ್ಲದ ಜಾಗಕ್ಕೆ ಮಾತ್ರ ಅದು ಸರಿ. ಯಾವ ಸೆನ್ಸರೇ ಇರಲಿ, ತಂತಿ ಹೋಗುವ ತೂತನ್ನು ಸಿಲಿಕೋನ್ ಹಾಕಿ ಮುಚ್ಚಿಸಿ. ಇಲ್ಲದಿದ್ದರೆ ಇರುವೆ ಒಳಗೆ ಸೇರಿ ಕಣ್ಣಿನ ಮೇಲೆಯೇ ಓಡಾಡುತ್ತದೆ.

ಇನ್ನು ಕ್ಯಾಮೆರಾ. ಮನೆಯವರ ಆಸೆಗೆ ಅಂಗಳಕ್ಕೆ ಒಂದು ಹಾಕಿಸಿದೆವು. ಸೈರನ್ ಇಲ್ಲ, ಮೊಬೈಲಿಗೆ ಸೂಚನೆ ಬರುತ್ತದೆ. ಬೇವಿನ ಕೊಂಬೆ ಅಲುಗಾಡಿದರೂ, ಬೆಕ್ಕು ಹಾದರೂ ಸೂಚನೆ. ರಾತ್ರಿ ಅದರ ಇನ್‌ಫ್ರಾರೆಡ್ ದೀಪದ ಎದುರು ಒಂದು ಹುಳು ಹಾರಿದರೆ ಚಿತ್ರದಲ್ಲಿ ಬೆಳ್ಳಗೆ ದೊಡ್ಡ ಉಂಡೆಯಾಗಿ ಕಾಣುತ್ತದೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆಯ ಗೆದ್ದಲು ಎದ್ದ ರಾತ್ರಿ ಯಾದಗಿರಿಯಲ್ಲಿ ಅವರ ಫೋನ್ ಬೆಳಗಿನವರೆಗೂ ಸುಮ್ಮನಿರಲಿಲ್ಲ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಹಾಕಿದ ಮೇಲೆ ಬಹಳ ತಗ್ಗಿತು. ಜೇಡ ಬಲೆ ಕಟ್ಟದಂತೆ ಆಗಾಗ ಒರೆಸಬೇಕು. ಆದರೆ ಕರೆಂಟ್ ಹೋದರೆ ರೂಟರ್ ಹೋಯಿತು, ರೂಟರ್ ಹೋದರೆ ಸೂಚನೆಯೂ ಹೋಯಿತು. ಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಕೂಡ ಸೊರಗುತ್ತದೆ. ನಡೆದದ್ದನ್ನು ಆಮೇಲೆ ನೋಡಲು ಅದು ಒಳ್ಳೆಯದು, ನಡೆಯುವಾಗ ಎಬ್ಬಿಸಲು ಅಲ್ಲ.

ಮ್ಯಾಗ್ನೆಟ್ ಸ್ವಿಚ್ಚಿನಲ್ಲಿ ಇಂಥ ಯಾವ ಗೊಂದಲವೂ ಇಲ್ಲ. ಚೌಕಟ್ಟಿಗೆ ಒಂದು ತುಂಡು, ಕದಕ್ಕೆ ಒಂದು ತುಂಡು. ಕದದಲ್ಲಿರುವುದು ಬರೀ ಅಯಸ್ಕಾಂತ. ಅದು ಹತ್ತಿರವಿದ್ದಾಗ ಚೌಕಟ್ಟಿನ ತುಂಡಿನೊಳಗೆ, ಗಾಜಿನ ಕೊಳವೆಯಲ್ಲಿರುವ ಎರಡು ತೆಳುವಾದ ಲೋಹದ ಪಟ್ಟಿಗಳು ಅಂಟಿಕೊಂಡಿರುತ್ತವೆ. ಬಾಗಿಲು ತೆರೆದರೆ ಅವು ಬೇರೆಯಾಗುತ್ತವೆ, ಸೈರನ್ ಕೂಗುತ್ತದೆ. ಬಿಸಿಲಿಗೂ ಗಾಳಿಗೂ ಪರದೆಗೂ ಅದಕ್ಕೂ ಸಂಬಂಧವೇ ಇಲ್ಲ. ತಂತಿ ಕತ್ತರಿಸಿದರೂ ಸುತ್ತು ಕಡಿದು ಕೂಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲುಗಳೆಲ್ಲ ಮುಚ್ಚಿದ್ದರೆ ಮನೆಯೊಳಗೆ ಯಾರು ಎಷ್ಟು ಸಲ ಓಡಾಡಿದರೂ ಅದು ಕೇಳುವುದಿಲ್ಲ. ಅತ್ತೆಯವರ ತಂಬಿಗೆ ಈಗ ಬೆಳಿಗ್ಗೆ ಖಾಲಿಯಾಗಿರುತ್ತದೆ.

ಒಂದೊಂದು ಜೋಡಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಕೊಟ್ಟೆ. ಹಳೆಯ ಪ್ಯಾನೆಲ್ (ತಂತಿಗಳೆಲ್ಲ ಬಂದು ಸೇರುವ, ಸಿಮ್ ಇರುವ ಪೆಟ್ಟಿಗೆ), ಬ್ಯಾಟರಿ, ಸೈರನ್ ಅವೇ ಸಾಕಾದವು. ಖರ್ಚೆಲ್ಲ ಹೋದದ್ದು ಕೂಲಿಗೆ. ಕಲ್ಲಿನ ಗೋಡೆ ಕೊರೆಯಲಾಗದೆ ತಂತಿಯನ್ನು ಚೌಕಟ್ಟಿನ ಅಂಚಿನಲ್ಲೇ ಕೇಸಿಂಗ್ ಪಟ್ಟಿಯಲ್ಲಿ ಎಳೆಸಬೇಕಾಯಿತು. ಬಿಳಿಯ ಪಟ್ಟಿ ಕಣ್ಣಿಗೆ ಕಾಣುತ್ತದೆ, ಕಾಣಲಿ.

ತಕರಾರು ಬಂದದ್ದು ಮುಂಬಾಗಿಲಿನ ಎರಡು ಕದಗಳಿಂದ. ಚಿಲಕ ಸಡಿಲವಿತ್ತು, ಗಾಳಿ ಜೋರಾದಾಗ ಕದಗಳು ಹಿಂದೆಮುಂದೆ ಜಗ್ಗಿ, ಅಯಸ್ಕಾಂತ ಒಂದು ಬೆರಳು ದೂರ ಸರಿದು ಸೈರನ್ ಕೂಗಿತು. ಹೆಚ್ಚು ಅಂತರ ತಾಳುವ ದೊಡ್ಡ ಸ್ವಿಚ್ ಕೇಳಿ ತಂದು ಹಾಕಿಸಿದೆ, ಹಳೆಯ ಅಗಳಿಯನ್ನು ಮತ್ತೆ ಬಳಕೆಗೆ ತಂದೆ. ಅಲ್ಲಿಗೆ ಮುಗಿಯಿತು. ಕಬ್ಬಿಣದ ಬಾಗಿಲಿದ್ದವರು ಅದಕ್ಕೆಂದೇ ಮಾಡಿದ ಸ್ವಿಚ್ ತರಬೇಕು, ಮಾಮೂಲಿಯದರ ಎಳೆತ ಕಬ್ಬಿಣದ ಮೇಲೆ ಕುಗ್ಗುತ್ತದೆ.

ಇದಕ್ಕೂ ಮಿತಿ ಇದೆ. ಮಾಳಿಗೆಯ ಗವಾಕ್ಷಿಯಿಂದ ಯಾರಾದರೂ ಇಳಿದರೆ ಬಾಗಿಲಿನ ಸ್ವಿಚ್ಚಿಗೆ ಗೊತ್ತಾಗದು. ಅದಕ್ಕೆಂದು ಹಿತ್ತಿಲ ಕಡೆಯ ಉಗ್ರಾಣದಲ್ಲಿ, ಗವಾಕ್ಷಿಯ ಕೆಳಗೆ, ಮೈಕ್ರೋವೇವ್ ಕೂಡ ಇರುವ ಆ ಜೋಡಿ ಸೆನ್ಸರ್ ಒಂದನ್ನು ಇಟ್ಟಿದ್ದೇನೆ. ಅಲ್ಲಿ ತೊಗರಿಯ ಚೀಲಗಳ ಹೊರತು ಏನೂ ಇಲ್ಲ, ಫ್ಯಾನ್ ಇಲ್ಲ, ಪರದೆ ಇಲ್ಲ, ರಾತ್ರಿ ಯಾರೂ ಹೋಗುವುದಿಲ್ಲ.

ಸಾಕುಪ್ರಾಣಿ ಇಲ್ಲದ, ರಾತ್ರಿ ಪೂರ್ತಿ ಖಾಲಿಯಿರುವ ಅಂಗಡಿ ಅಥವಾ ಕಚೇರಿಗಾದರೆ ಚಲನೆಯ ಸೆನ್ಸರನ್ನೇ ತೆಗೆದುಕೊಳ್ಳಿ. ವರ್ಷದಲ್ಲಿ ಹೆಚ್ಚು ಕಾಲ ಬೀಗ ಹಾಕಿದ ಮನೆಗೆ, ಇನ್ವರ್ಟರ್ ಇದ್ದರೆ, ಕ್ಯಾಮೆರಾ. ಜನ ತುಂಬಿದ, ಹಿರಿಯರಿರುವ, ಕೂಲರ್ ತಿರುಗುವ ನಮ್ಮಂಥ ಮನೆಗೆ ಸ್ವಿಚ್ಚೇ ಸರಿ. ಪ್ಯಾನೆಲ್ 2ಜಿಯದಾಗಿದ್ದರೆ 4ಜಿ ಮಾತ್ರ ನಡೆಸುವ ಕಂಪನಿಯ ಸಿಮ್ ಅದರಲ್ಲಿ ಕೆಲಸ ಮಾಡದು, ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಕರೆ ಹೋಗುವ ಪಟ್ಟಿಯಲ್ಲಿ ದೂರದ ಊರಿನಲ್ಲಿರುವವರ ನಂಬರಿಗಿಂತ ಮೊದಲು ಪಕ್ಕದ ಮನೆಯವರದ್ದನ್ನು ಹಾಕಿ, ಹಾಕುವ ಮುನ್ನ ಅವರನ್ನು ಕೇಳಿ.